ನಾರುಮಡಿಯಾಚೆಯ ಗಣಿತ

ಟೋಂಗಾದ ಹಾಪೈಯ ಅರುವತ್ತು ದ್ವೀಪಗಳಲ್ಲಿ ಗಣಿತದಲ್ಲಿ ನನ್ನಷ್ಟು ಘನವಾಗಿ ನಪಾಸಾದವನು ಇನ್ನೊಬ್ಬ ಹುಟ್ಟಿಲ್ಲ. ಬೇರೆ ಹುಡುಗರು ಮೂವತ್ತು, ಮೂವತ್ತೆರಡು ತೆಗೆದು ತಲೆ ತಗ್ಗಿಸಿಕೊಂಡು ನಪಾಸಾಗುತ್ತಿದ್ದರು. ನಾನು ಏಳು ತೆಗೆದೆ. ಅದರಲ್ಲಿ ಎರಡು, ಹೆಸರನ್ನು ಸರಿಯಾಗಿ ಬರೆದದ್ದಕ್ಕೆ ಬಂದದ್ದು. ಪೆನಿಸಿಮಾನಿ ಎಂದು ತಪ್ಪಿಲ್ಲದೆ ಬರೆಯುವುದು ಸಣ್ಣ ಕೆಲಸವೇನಲ್ಲ. ಫಲಿತಾಂಶ ಬಂದ ದಿನ ಶಾಲೆಯ ಗಂಟೆಯನ್ನು ಎರಡು ಸಲ ಹೆಚ್ಚಿಗೆ ಬಾರಿಸಿದರು ಎಂದು ಹೇಳುತ್ತಾ ಬಂದಿದ್ದೇನೆ. ಇಷ್ಟು ವರ್ಷ ಯಾರೂ ಅಲ್ಲಗಳೆದಿಲ್ಲ.

ಹೀಗೆ ಶಾಲೆಯ ಕೊನೆಯ ತರಗತಿಯಲ್ಲಿ ಎರಡನೇ ಸಲ ಕೂತೆ. ಆ ವರ್ಷ ಅದೇ ತರಗತಿಗೆ ಫುಸಿ ಬಂದಳು.

ಫುಸಿ ನನ್ನ ದೊಡ್ಡಮ್ಮನ ಮಗಳು, ಶಾಲೆಗೆ ನನಗಿಂತ ಒಂದು ವರ್ಷ ತಡವಾಗಿ ಸೇರಿದ್ದರೂ ವಯಸ್ಸಿನಲ್ಲಿ ಎಂಟು ತಿಂಗಳು ದೊಡ್ಡವಳು. ಅಂದ ಮೇಲೆ ಅಕ್ಕ. ಅಕ್ಕನೆಂದರೆ ನಮ್ಮಲ್ಲಿ ತಮ್ಮನಿಗಿಂತ ಒಂದು ತೆಂಗಿನಮರದಷ್ಟು ಎತ್ತರದವಳು. ಅವಳಿದ್ದ ಕೋಣೆಗೆ ತಮ್ಮ ಹೋಗುವಂತಿಲ್ಲ, ಅವಳ ಚಾಪೆ ಮುಟ್ಟುವಂತಿಲ್ಲ, ಅವಳ ಕಿವಿಗೆ ಬೀಳುವಂತೆ ಪೋಲಿ ಮಾತಾಡುವಂತಿಲ್ಲ. ಬೇರೆ ಮನೆಗಳಲ್ಲಿ ಇದು ಸ್ವಲ್ಪ ಸಡಿಲವಾಗಿತ್ತು. ನಮ್ಮನ್ನು ಸಾಕಿದ ಅಜ್ಜಿ ಕಲೊಲೈನೆಯ ಮನೆಯಲ್ಲಿ ಮಾತ್ರ ನನಗೆ ಹನ್ನೆರಡು ತುಂಬಿದ ದಿನದಿಂದ ನಾನೂ ಫುಸಿಯೂ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಉಪ್ಪು ಬೇಕಾದರೂ ಅಜ್ಜಿಯ ಮೂಲಕವೇ ಬರಬೇಕು. ತರಗತಿಯಲ್ಲಿ ಅವಳು ಕಡಲಿನ ಕಡೆಯ ಕಿಟಕಿಯ ಹತ್ತಿರ, ನಾನು ರಸ್ತೆಯ ಕಡೆ. ನಡುವೆ ಇಪ್ಪತ್ತಾರು ಮಕ್ಕಳು, ಮತ್ತು ಒಮ್ಮೊಮ್ಮೆ ಒಳಗೆ ಬಂದು ಮಲಗುತ್ತಿದ್ದ ಒಂದು ಹಂದಿ.

ಫುಸಿಗೆ ರಸಾಯನಶಾಸ್ತ್ರವೆಂದರೆ ಹುಚ್ಚು. ಫಿಜಿಯ ಸುವಾಗೆ ಹೋಗಿ ಔಷಧಶಾಸ್ತ್ರ ಓದಬೇಕೆಂಬುದು ಅವಳ ಆಸೆ. ಅಜ್ಜಿ ಯೋಚಿಸಿ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ. ಕಡಲಾಚೆಯ ಊರಿನಲ್ಲಿ ಹುಡುಗಿ ಒಬ್ಬಳೇ ಇರಕೂಡದು, ಅವಳ ಹಾಸ್ಟೆಲಿನ ಬಾಗಿಲಾಚೆ ಕಾಯಲು ತಮ್ಮನೊಬ್ಬ ಅದೇ ಊರಿನಲ್ಲಿ ಓದುತ್ತಿರಬೇಕು. ಇಬ್ಬರೂ ಪಾಸಾದರೆ ಇಬ್ಬರೂ ಹೋಗುವುದು, ಒಬ್ಬರು ಉಳಿದರೆ ಇಬ್ಬರೂ ಉಳಿಯುವುದು. ಫುಸಿಗೆ ಇದ್ದ ತಮ್ಮ ನಾನೊಬ್ಬನೇ. ಹೀಗೆ ಟೋಂಗಾ ದೇಶ ಇನ್ನೂ ಕಾಣದ ಒಬ್ಬ ಮಹಾ ಔಷಧಿತಜ್ಞೆಯ ಇಡೀ ಭವಿಷ್ಯ ನನ್ನ ಏಳು ಅಂಕಗಳ ಮೇಲೆ ಬಂದು ಕುಳಿತುಕೊಂಡಿತು.

ಇದನ್ನು ಕೇಳಿ ನಾನು ಗಾಬರಿಯಾದೆನೆಂದು ತಿಳಿಯಬೇಡಿ. ಮೂರು ಗೆಣಸು ಹೆಚ್ಚಿಗೆ ತಿಂದೆ, ಅಷ್ಟೇ.

ಅಜ್ಜಿಯ ಕಸುಬು ನಾರುಮಡಿ ಮಾಡುವುದು. ಮರದ ಒಳತೊಗಟೆಯನ್ನು ನೀರಿನಲ್ಲಿ ನೆನೆಸಿ, ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದೂ ಬಡಿದೂ ಅಂಗೈಯಗಲದ ಪಟ್ಟಿಯನ್ನು ಮೊಳದಗಲದ ಹಾಳೆ ಮಾಡುತ್ತಿದ್ದಳು. ಅವಳ ಕೈಯ ಹಾಳೆ ಎಷ್ಟು ತೆಳುವೆಂದರೆ ಅದರೊಳಗಿಂದ ನೋಡಿದರೆ ನಾಳೆಯೂ ಕಾಣುತ್ತಿತ್ತು. ಹರಿದುಹೋದ ಹಾಳೆಗಳನ್ನೆಲ್ಲ ಅಂಟಿಸಿ, ಮನೆಯ ನಡುವೆ ಒಂದು ಪರದೆ ಕಟ್ಟಿದ್ದಳು. ಪಡುವಣ ಕಿಟಕಿಯಿದ್ದ ಕಡೆ ಫುಸಿ, ಬಾಗಿಲಿದ್ದ ಕಡೆ ನಾನು. ಪರದೆಯ ತುದಿಯಲ್ಲಿ ಅರ್ಧ ಆ ಕಡೆ ಅರ್ಧ ಈ ಕಡೆ ಅಜ್ಜಿ, ಅವಳ ದಿಮ್ಮಿ, ಅವಳ ಕೊಡತಿ.

ಫುಸಿಗೆ ಕಾಗದ ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿಯ ಕೋಕಾ ತೊಗಟೆಯ ಕಂದು ರಸದಲ್ಲಿ ಕೇದಗೆಕಾಯಿಯ ಕುಂಚ ಅದ್ದಿ ಪರದೆಯ ಮೇಲೆಯೇ ಲೆಕ್ಕ ಮಾಡತೊಡಗಿದಳು. ನಾನು ಈ ಕಡೆ ಮಲಗಿದ್ದೆ. ಪಡುವಣ ಬಿಸಿಲು ಪರದೆಯನ್ನು ಜೇನಿನ ಬಣ್ಣಕ್ಕೆ ತಿರುಗಿಸಿತ್ತು. ಆ ಜೇನಿನೊಳಗೆ, ಯಾರೂ ಬರೆಯದೆ, ಒಂದು ಗೆರೆ ತಾನಾಗಿಯೇ ಮೂಡಿತು. ಮೆಲ್ಲಗೆ ಬಾಗಿತು. ಅಲೆ ಏಳುವ ಮುನ್ನ ಕಡಲು ಉಸಿರೆಳೆದುಕೊಳ್ಳುತ್ತದಲ್ಲ, ಹಾಗೆ ಒಂದು ಕ್ಷಣ ತಡೆದು, ಮೇಲಕ್ಕೆ ಹೊರಟಿತು. ಅಜ್ಜಿಯ ಕೊಡತಿ ತಕ್ ತಕ್ ಎನ್ನುತ್ತಿತ್ತು. ಗೆರೆ ಆ ತಾಳಕ್ಕೆ ಬೆಳೆಯುತ್ತಿತ್ತು. ಎರಡು ವರ್ಷ ಕಪ್ಪುಹಲಗೆಯ ಮೇಲೆ ಸತ್ತ ಹಾವಿನಂತೆ ಬಿದ್ದಿದ್ದ ಗಣಿತ, ಆ ಮಧ್ಯಾಹ್ನ ಬಿಸಿಲಿನಲ್ಲಿ ಮೈಮುರಿದು ಎದ್ದಿತು. ನಾನು ಕಣ್ಣು ಮಿಟುಕಿಸದೆ ಒಂಬತ್ತು ಗಂಟೆ ನೋಡಿದೆ. ಆ ದಿನ ಮಧ್ಯಾಹ್ನಕ್ಕೆ ಒಂಬತ್ತು ಗಂಟೆಗಳಿದ್ದವು.

ಅಜ್ಜಿ ಕೊಡತಿ ನಿಲ್ಲಿಸದೆ ನನ್ನ ಕಡೆ ನೋಡಿದಳು.

"ಅಲ್ಲಿಂದ್ಲೇ ಕಲ್ತ್ಕೊ. ಅವಳು ನಿನಗೆ ಹೇಳ್ಕೊಡ್ತಿಲ್ಲ, ಗೋಡೆಗೆ ಬರೀತಿದಾಳೆ. ನೀನೂ ಅವಳನ್ನ ನೋಡ್ತಿಲ್ಲ, ಗೋಡೆ ನೋಡ್ತಿದೀಯ. ತಿಳೀತಾ?"

ಅಂದಿನಿಂದ ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಪಾಠ. ಪ್ರಶ್ನೆ ಕೇಳಬೇಕಾದರೆ ಅಜ್ಜಿಗೆ ಹೇಳುತ್ತಿದ್ದೆ. ಅಜ್ಜಿ ಅದನ್ನು ತೊಳೆದು, ಹಿಂಡಿ, ತನಗೆ ಸರಿಕಂಡಂತೆ ಆ ಕಡೆಗೆ ದಾಟಿಸುತ್ತಿದ್ದಳು. ಎಲೆಕ್ಟ್ರಾನು ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಯಾಕೆ ಜಿಗಿಯುತ್ತದೆಂದು ನಾನು ಕೇಳಿದರೆ, ಆ ಯಾರೋ ಹುಡುಗ ಮನೇಲಿ ಇರೋದು ಬಿಟ್ಟು ಬೀದಿ ಅಲೀತಾನಂತೆ, ಯಾಕೆ ಅಂತ ನಿನ್ನ ತಮ್ಮ ಕೇಳ್ತಿದಾನೆ ಎಂದು ಅಲ್ಲಿಗೆ ತಲುಪುತ್ತಿತ್ತು. ಫುಸಿಯ ಉತ್ತರ ಇಲ್ಲಿಗೆ ಬರುವಾಗ, ಅವನಿಗೆ ಯಾರೋ ಬೆಳಕು ತಿನ್ನಿಸಿದ್ರಂತೆ, ಅದಕ್ಕೆ ಕುಣೀತಾನಂತೆ ಎಂದಾಗಿರುತ್ತಿತ್ತು. ಯಾವ ಪುಸ್ತಕದಲ್ಲಿಯೂ ಇದಕ್ಕಿಂತ ಚೆನ್ನಾಗಿ ಬರೆದಿದ್ದನ್ನು ನಾನು ಓದಿಲ್ಲ. ಬೇರೆ ಪುಸ್ತಕ ಓದಿಲ್ಲ ಎಂಬುದು ಬೇರೆ ಮಾತು.

ನನ್ನ ತಲೆಯೊಳಗೆ ಬಾಗಿಲುಗಳು ತೆರೆದುಕೊಂಡವು. ಲಾತು ಮಾಸ್ತರರು ಶಾಲೆಯ ಒಂದೇ ಒಂದು ಬ್ಯೂರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಆಮ್ಲಕ್ಕೆ ಬಿಡುವಾಗ ಮೊದಲೆಲ್ಲ ನನಗೆ ತೂಕಡಿಕೆ ಬರುತ್ತಿತ್ತು. ಈಗ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದೆ. ನೂರು ಹನಿಗೆ ಏನೂ ಆಗುವುದಿಲ್ಲ. ನೂರೊಂದನೆಯ ಹನಿಗೆ ಇಡೀ ಸೀಸೆ ನಾಚಿ ಗುಲಾಬಿಯಾಗುತ್ತದೆ. ಆ ಬಣ್ಣವನ್ನು ಕಣ್ಣಿನಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದೆ. ದಾರಿಯ ಹವಳದ ಮರಳು, ಪಾದ್ರಿಯ ಬಿಳಿ ಅಂಗಿ, ಒಣಹಾಕಿದ ಆಕ್ಟೋಪಸ್ಸು ಎಲ್ಲ ಗುಲಾಬಿಯಾಗಿ ಕಾಣುತ್ತಿದ್ದವು. ಮನೆಗೆ ಬಂದರೆ ಪರದೆಯ ಮೇಲೆ ಅಣುಗಳು ಕೈಕಾಲು ಚಾಚಿಕೊಂಡು ತೇಲುತ್ತಿದ್ದವು. ಆಚೆ ಫುಸಿ ಪಿಸುಗುಡುತ್ತಾ ಬರೆಯುತ್ತಿದ್ದಳು. ಆ ಪಿಸುಮಾತು ನನಗಲ್ಲ, ಗೋಡೆಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಪೂರ್ವಪರೀಕ್ಷೆಯಾಯಿತು. ನನ್ನಷ್ಟು ಕಾಗದ ತುಂಬಿಸಿದವರು ಯಾರೂ ಇರಲಿಲ್ಲ. ಮುಗಿಸಿ ಹೊರಗೆ ಬಂದು, ನನ್ನ ಉತ್ತರಪತ್ರಿಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗಬಹುದು ಎಂದು ಗೆಳೆಯರಿಗೆ ಹೇಳಿದೆ.

ಮಾರನೆಯ ವಾರ ಲಾತು ಮಾಸ್ತರರು ನನ್ನನ್ನು ಕರೆದರು. ನನ್ನ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಬೆನ್ನುಪುಟ ಅವರ ಕಡೆಗಿತ್ತು.

"ಬಾರಯ್ಯ. ಈ ಕಡೆಯಿಂದ ನೋಡಿದ್ರೆ ನಿನಗೆ ತೊಂಬತ್ತು ಅಂಕ," ಎಂದರು. ಆಮೇಲೆ ಕಾಗದ ತಿರುಗಿಸಿದರು. "ಈ ಕಡೆಯಿಂದ ಇಪ್ಪತ್ತೆರಡು. ನೀನು ಎಲ್ಲಿ ಕೂತು ಓದ್ತೀಯೋ? ಬಾವಿಯೊಳಗಾ?"

ನೋಡಿದೆ. ಏರಬೇಕಾದ ಗೆರೆಗಳೆಲ್ಲ ಇಳಿದಿದ್ದವು. ಇಳಿಯಬೇಕಾದವು ಏರಿದ್ದವು. ಜನಸಂಖ್ಯೆ ಬೆಳೆಯುವ ಲೆಕ್ಕದಲ್ಲಿ ನನ್ನ ಜನ ಒಬ್ಬೊಬ್ಬರಾಗಿ ಅಳಿದುಹೋಗಿದ್ದರು. ರಸಾಯನಶಾಸ್ತ್ರದಲ್ಲಿ ಎಡಗೈ ಅಣು ಕೇಳಿದ್ದರೆ ಬಲಗೈಯದನ್ನು ಬರೆದಿದ್ದೆ. ಎರಡೂ ಕನ್ನಡಿಯ ಬಿಂಬಗಳು, ಆದರೂ ಬೇರೆ ಬೇರೆ. ಎಡಗಾಲಿನ ಚಪ್ಪಲಿಯನ್ನು ಬಲಗಾಲು ಒಪ್ಪದಂತೆ, ಒಂದನ್ನು ಒಪ್ಪುವ ಮೈ ಇನ್ನೊಂದನ್ನು ಒಪ್ಪುವುದಿಲ್ಲ ಎಂದು ಮಾಸ್ತರರು ವಿವರಿಸಿದರು.

ನಾನು ಪರದೆಯನ್ನು ಹಿಂದಿನಿಂದ ಓದಿದ್ದೆ. ಅಕ್ಷರ, ಅಂಕಿ ತಿರುಗಿದ್ದರೆ ಕಣ್ಣಿಗೆ ಚುಚ್ಚುತ್ತದೆ, ಅವನ್ನು ನೆಟ್ಟಗೆ ಮಾಡಿಕೊಂಡಿದ್ದೆ. ಗೆರೆ ತಿರುಗಿದರೆ ಯಾವ ಕಣ್ಣಿಗೂ ನೋವಾಗುವುದಿಲ್ಲ. ಬಾಗಿದ ಗೆರೆ ಎತ್ತ ಬಾಗಿದರೂ ಚೆಂದವೇ. ಐದು ತಿಂಗಳು ನಾನು ಇಡೀ ಜಗತ್ತನ್ನು ಅದರ ಬೆನ್ನ ಕಡೆಯಿಂದ ಕಲಿತಿದ್ದೆ. ಇಂಥ ತಪ್ಪು ಮಾಡಲು ಒಂದು ಅಕ್ಕ, ಒಂದು ಅಜ್ಜಿ, ಒಂದು ಪಡುವಣ ಕಿಟಕಿ ಮೂರೂ ಬೇಕು. ಬೇರೆ ದೇಶದವರಿಗೆ ಸಾಧ್ಯವೇ ಇಲ್ಲ.

ಅಜ್ಜಿಗೆ ಹೇಳಿದೆ. ಪರದೆಯನ್ನೇ ತಿರುಗಿಸಿ ಕಟ್ಟಬಹುದಲ್ಲ ಎಂದೂ ಹೇಳಿದೆ. ಅಕ್ಕ ಕೈಯಿಟ್ಟು ಬರೆದ ಮುಖವನ್ನು ತಮ್ಮನ ಕಡೆ ತಿರುಗಿಸುವುದೆಂದರೆ ಅವಳ ಚಾಪೆಯ ಮೇಲೆ ನಿನ್ನನ್ನು ಕೂರಿಸಿದ ಹಾಗೆ, ನಾನು ಬದುಕಿರುವವರೆಗೆ ಅದಾಗದು ಎಂದಳು. ಆಮೇಲೆ ಪರದೆಯ ಆಚೆ ತಲೆ ಹಾಕಿ ಬಹಳ ಹೊತ್ತು ಪಿಸುಪಿಸು ಮಾಡಿದಳು.

"ನಿನ್ನ ಅಕ್ಕ ಹೇಳ್ತಾಳೆ, ಇವತ್ತಿಂದ ಅವಳೇ ತಿರುಗಿಸಿ ಬರೀತಾಳಂತೆ. ನೀನು ಸುಮ್ನೆ ನೋಡ್ಬೇಕಂತೆ. ಇನ್ನೊಂದು ಮಾತು ಹೇಳಿದ್ಲು, ಅದನ್ನ ನಾನು ದಾಟಿಸಲ್ಲ. ನಿನ್ನ ತಲೆ ಬಗ್ಗೆ."

ಏಳು ವಾರ ಫುಸಿ ಬಲದಿಂದ ಎಡಕ್ಕೆ ಬರೆದಳು. ಗೆರೆ ಮಾತ್ರವಲ್ಲ, ಅಕ್ಷರ, ಅಂಕಿ, ಬಾಣದ ಗುರುತು, ಎಲ್ಲವನ್ನೂ. ಈ ಕಡೆ ಎಲ್ಲವೂ ನೆಟ್ಟಗೆ ಮೂಡುತ್ತಿತ್ತು. ಜೇನಿನೊಳಗಿಂದ ಗೆರೆಗಳು ಎಡದಿಂದ ಎದ್ದು ಬಲಕ್ಕೆ ಹರಿಯುವುದನ್ನು ನೋಡುತ್ತಾ ನನಗೆ ಹೊಸದಾಗಿ ಹುಟ್ಟಿದಂತಾಯಿತು. ವಕ್ರರೇಖೆಯ ಒಂದೊಂದು ಬಿಂದುವಿಗೂ ಅದರದೇ ಇಳಿಜಾರು ಇದೆ ಎಂಬುದು ಆಗ ನನಗೆ ಹೊಳೆಯಿತು. ಕೂಡಲೇ ಅಜ್ಜಿಗೆ ಹೇಳಿದೆ. ಬೆಟ್ಟ ಹತ್ತಿದವರಿಗೆಲ್ಲ ಅದು ಗೊತ್ತು ಎಂದಳು. ಹಾಪೈಯಲ್ಲಿ ಬೆಟ್ಟವೇ ಇಲ್ಲ. ಅವಳು ಯಾವ ಬೆಟ್ಟ ಹತ್ತಿದ್ದಳೋ ನಾನು ಕೇಳಲಿಲ್ಲ.

ನವೆಂಬರಿನಲ್ಲಿ ದೊಡ್ಡ ಪರೀಕ್ಷೆ. ಇಗರ್ಜಿಯ ಸಭಾಂಗಣದಲ್ಲಿ ಸುತ್ತಲಿನ ಶಾಲೆಗಳೂ ಸೇರಿ ಎಂಬತ್ತು ಮೇಜು. ಮೇಲ್ವಿಚಾರಣೆಗೆ ರಾಜಧಾನಿಯಿಂದ ಹಡಗಿನಲ್ಲಿ ಒಬ್ಬರು ಬಂದಿದ್ದರು. ಕಡಲಯಾನದ ವಾಕರಿಕೆ ಇಳಿಯದೆ ಅವರ ಮುಖ ಎಳನೀರಿನ ಬಣ್ಣಕ್ಕಿತ್ತು. ಸೋಮವಾರ ರಸಾಯನಶಾಸ್ತ್ರ. ನಾನು ಬರೆದದ್ದನ್ನು ನೋಡಿ ಪೆನ್ನಿಗೇ ಆಶ್ಚರ್ಯವಾಯಿತು. ಬುಧವಾರ ಗಣಿತ.

ಹುಡುಗಿಯರ ಸಾಲು ಕಡಲಿನ ಕಡೆ. ಫುಸಿ ನನಗಿಂತ ಮೂರು ಮೇಜು ಮುಂದೆ, ಓರೆಯಾಗಿ. ಅಕ್ಕನ ಕಡೆ ನೋಡಬಾರದು, ಪರೀಕ್ಷೆಯಲ್ಲಿ ಯಾರ ಕಡೆಯೂ ನೋಡಬಾರದು. ಎರಡೂ ಕಟ್ಟಳೆ ಒಂದೇ ಆದ್ದರಿಂದ ನನಗೆ ಸುಲಭವಾಗಿತ್ತು. ಗಾಳಿ ಬೀಸುತ್ತಿತ್ತು. ಹೊರಗೆ ಉಬ್ಬರ ಇಳಿದು ಹವಳದ ಬಂಡೆಗಳು ಬಿಸಿಲು ಕಾಯುತ್ತಿದ್ದವು. ಪ್ರಶ್ನೆಗಳು ನನ್ನ ಮುಂದೆ ಕನಸಿನಲ್ಲಿ ಕಂಡ ಊರಿನಂತೆ ತೆರೆದುಕೊಂಡವು. ಪ್ರತಿ ಬೀದಿಯೂ ಗೊತ್ತು, ಪ್ರತಿ ಬಾಗಿಲೂ ಗೊತ್ತು. ಪಾಸಾಗಿಬಿಟ್ಟೆ ಎಂದು ಅರ್ಧದಲ್ಲೇ ತಿಳಿಯಿತು. ಆ ಸಂತೋಷಕ್ಕೆ ತಲೆಯೆತ್ತಿದೆ.

ಫುಸಿ ಗೆರೆ ಎಳೆಯುತ್ತಿದ್ದಳು. ಅವಳ ಮೊಣಕೈ ಮಾತ್ರ ಕಾಣುತ್ತಿತ್ತು. ಅದು ಮೇಜಿನ ಬಲತುದಿಯಿಂದ ಹೊರಟು, ಮೆಲ್ಲಗೆ, ಸರಾಗವಾಗಿ, ಎಡಕ್ಕೆ ಬರುತ್ತಿತ್ತು.

ಮೊದಲು ನನಗೆ ಅದು ಚೆಂದವೆನಿಸಿತು. ಆಮೇಲೆ ಪೆನ್ನು ಕೆಳಗಿಟ್ಟೆ. ಅವಳು ಪುಟ ತಿರುಗಿಸಿ ಮುಂದಿನ ಗೆರೆಯನ್ನೂ ಬಲದಿಂದಲೇ ಶುರುಮಾಡಿದಳು. ಏಳು ವಾರ ನನಗಾಗಿ ತಿರುಗಿಸಿದ ಕೈ ತಿರುಗಿಯೇ ಉಳಿದಿತ್ತು. ಅಕ್ಷರವಾಗಿದ್ದರೆ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಗೆರೆ ಚುಚ್ಚುವುದಿಲ್ಲ. ಪತ್ರಿಕೆಯ ಅರ್ಧದಷ್ಟು ಗೆರೆಗಳೇ ಇದ್ದವು.

ಇನ್ನು ಒಂದು ಗಂಟೆ ಇತ್ತು. ನಾನು ಬಾಯಿಬಿಟ್ಟರೆ ನನ್ನನ್ನು ಹೊರಗೆ ಹಾಕುತ್ತಾರೆ, ನಾನು ನಪಾಸು, ಅಜ್ಜಿಯ ಷರತ್ತಿನಂತೆ ಅವಳು ಹೋಗುವಂತಿಲ್ಲ. ಬಾಯಿಮುಚ್ಚಿಕೊಂಡರೆ ಅವಳು ಕೆಟ್ಟಳು, ಆಗಲೂ ಹೋಗುವಂತಿಲ್ಲ. ನಾನು ಏಳು ಸಾವಿರ ವರ್ಷ ಯೋಚಿಸಿದೆ. ಗೋಡೆಯ ಗಡಿಯಾರದಲ್ಲಿ ಅದು ಅರ್ಧ ನಿಮಿಷ. ಷರತ್ತು ಹಾಕಿದ್ದು ಅಜ್ಜಿ, ಅಜ್ಜಿ ಮನಸ್ಸು ಬದಲಾಯಿಸಬಹುದು. ಕಾಗದ ಮನಸ್ಸು ಬದಲಾಯಿಸುವುದಿಲ್ಲ. ಇಷ್ಟೇ ನನಗೆ ಹೊಳೆದದ್ದು.

ಎದ್ದು ನಿಂತೆ. ಆರು ವರ್ಷಗಳಲ್ಲಿ ಮೊದಲ ಸಲ, ಎಂಬತ್ತು ಜನರ ನಡುವೆ, ಅವಳ ಬೆನ್ನಿಗೆ ಹೇಳಿದೆ.

"ಅಕ್ಕಾ, ಇಲ್ಲಿ ಪರದೆ ಇಲ್ಲ."

ಮೊಣಕೈ ನಿಂತಿತು.

ಸಭಾಂಗಣದ ಹುಡುಗರು ನಾನು ಉತ್ತರ ಕದ್ದಿದ್ದರೆ ಅಷ್ಟು ಬೆಚ್ಚುತ್ತಿರಲಿಲ್ಲ. ತಮ್ಮನೊಬ್ಬ ಅಕ್ಕನನ್ನು ಬಹಿರಂಗವಾಗಿ ಮಾತಾಡಿಸಿದ್ದ. ಮೇಲ್ವಿಚಾರಕರು ನನ್ನ ಪತ್ರಿಕೆ ಕಿತ್ತುಕೊಂಡು ಹೊರಗೆ ಕಳಿಸಿದರು. ನಾನು ಆಡಿದ ನಾಲ್ಕು ಮಾತನ್ನು ತಮ್ಮ ವರದಿಯಲ್ಲಿ ಹಾಗೇ ಬರೆದುಕೊಂಡರು. ಅದರಲ್ಲಿ ಯಾವ ಪ್ರಶ್ನೆಯ ಉತ್ತರವೂ ಸಿಗದೆ ಪರೀಕ್ಷಾ ಮಂಡಳಿಯವರು ಫುಸಿಯ ತಂಟೆಗೆ ಹೋಗಲಿಲ್ಲವೆಂದು ಲಾತು ಮಾಸ್ತರರು ಆಮೇಲೆ ಹೇಳಿದರು.

ಹೊರಗೆ ಬೇರುಹಲಸಿನ ಮರದ ಕೆಳಗೆ ಕೂತೆ. ನೆರಳು ನನ್ನ ಕಾಲಿನಿಂದ ಮೊಣಕಾಲಿಗೆ ಏರುವವರೆಗೂ ಕೂತಿದ್ದೆ. ಗಂಟೆ ಬಾರಿಸಿದರು. ಮಕ್ಕಳು ಹೊರಬಂದು ನನ್ನಿಂದ ದೂರದಲ್ಲಿ ಹಾದುಹೋದರು. ಕೊನೆಯಲ್ಲಿ ಫುಸಿ ಬಂದಳು. ನನ್ನ ಕಡೆ ನೋಡಲಿಲ್ಲ. ನಮ್ಮ ಪದ್ಧತಿಯಂತೆ ಅವಳು ಸೊಂಟಕ್ಕೆ ಸುತ್ತಿಕೊಂಡ ಚಾಪೆಯ ತುಂಬ ಅಳಿಸಿದ ರಬ್ಬರಿನ ಬಿಳಿ ಪುಡಿ, ಹಿಟ್ಟಿನ ಅಂಗಡಿಯಿಂದ ಬಂದವಳಂತೆ. ಗಾಳಿಗೆ ಅದು ಸ್ವಲ್ಪ ಸ್ವಲ್ಪವಾಗಿ ಉದುರುತ್ತಾ ದಾರಿಯುದ್ದಕ್ಕೂ ಹೋಯಿತು.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಜ್ಜಿ ದಿಮ್ಮಿಯ ಮುಂದೆ ಕೈಕಟ್ಟಿ ಕೂತಿದ್ದಳು. ನಾನು ಬಾಗಿಲಲ್ಲೇ ಕುಳಿತೆ.

"ಮುಖ ನೋಡಿ ಅಂದ್ಯಾ?"

"ಇಲ್ಲಜ್ಜಿ. ಬೆನ್ನಿಗೆ."

"ಅವಳು ತಿರುಗಿ ನೋಡಿದ್ಲಾ?"

"ಇಲ್ಲ."

"ಒಳ್ಳೆ ಹುಡುಗಿ," ಎಂದಳು ಅಜ್ಜಿ. ಕೊಡತಿ ಎತ್ತಿಕೊಂಡಳು.

ಜನವರಿಯಲ್ಲಿ ಫಲಿತಾಂಶ ರೇಡಿಯೋದಲ್ಲಿ ಬಂತು. ಫುಸಿಯ ಹೆಸರು ಹೇಳುವಾಗ ಓದುವವರು ಎದ್ದು ನಿಂತರು ಎಂದು ಬೇಕಾದರೆ ಆಣೆ ಮಾಡುತ್ತೇನೆ. ಸುವಾದಲ್ಲಿ ಅವಳಿಗೆ ಜಾಗ ಸಿಕ್ಕಿತು. ನನ್ನದು ರಸಾಯನಶಾಸ್ತ್ರ ಪಾಸು, ಗಣಿತ ರದ್ದು. ಆ ವಾರ ಪರದೆಯ ಆಚೆ ಫುಸಿ ಕುಂಚ ಮುಟ್ಟಲಿಲ್ಲ. ಪಡುವಣ ಬಿಸಿಲು ಬಂದು ಖಾಲಿ ಹಾಳೆಯ ಮೇಲೆ ಕೂತು, ಕಾದು, ಎದ್ದು ಹೋಗುತ್ತಿತ್ತು. ಅಜ್ಜಿ ಮಾತ್ರ ಬಡಿಯುತ್ತಲೇ ಇದ್ದಳು. ಮೂರು ದಿನ ಅವಳು ಕೊಡತಿ ಕೆಳಗಿಡಲಿಲ್ಲ. ನಾಲ್ಕನೆಯ ದಿನ ಸದ್ದು ನಿಂತಾಗ ಊರಿನ ಜನ ಏನಾಯಿತೋ ಎಂದು ಮನೆಯಿಂದ ಹೊರಗೆ ಬಂದರು.

ಅಜ್ಜಿ ನನ್ನ ಮಾವಂದಿರನ್ನು ಕರೆಸಿದಳು.

"ಕಾವಲಿಗೆ ಇವನನ್ನ ಕಳಿಸೋಣ ಅಂದ್ಕೊಂಡಿದ್ದೆ. ಎಂಬತ್ತು ಜನರ ಮುಂದೆ ಅಕ್ಕನ್ನ ಮಾತಾಡಿಸ್ದೋನು. ಇವನನ್ನ ಕಾಯೋಕೆ ಇನ್ನೊಬ್ಬರು ಬೇಕು. ನಾನೇ ಹೋಗ್ತೀನಿ."

ಮಾವಂದಿರು ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳಿದರು. ಎಪ್ಪತ್ತೊಂದರ ವಯಸ್ಸಿನಲ್ಲಿ ಪರದೇಶವೇ ಎಂದರು, ಅಲ್ಲಿನ ಭಾಷೆ ಬಾರದು ಎಂದರು, ಅಲ್ಲಿ ತೊಗಟೆ ಎಲ್ಲಿ ಸಿಗುತ್ತದೆ ಎಂದರು. ಫಿಜಿಯವರೂ ನಾರುಮಡಿ ಬಡಿಯುತ್ತಾರೆ, ಕೆಟ್ಟದಾಗಿ ಬಡಿಯುತ್ತಾರೆಂದು ಕೇಳಿದ್ದೇನೆ, ಹೋಗಿ ತಿದ್ದಬೇಕು ಎಂದಳು ಅಜ್ಜಿ. ಹೊರಗೆ ಬರುವಾಗ ನನ್ನ ತಲೆಯ ಮೇಲೆ ಒದ್ದೆ ಕೈಯಿಟ್ಟು ಒಂದು ಕ್ಷಣ ನಿಂತಳು. ಕೈ ಒರೆಸಿಕೊಳ್ಳಲು ಬೇರೆ ಬಟ್ಟೆ ಇರಲಿಲ್ಲವೆಂದು ಆಮೇಲೆ ಹೇಳಿದಳು.

ಫೆಬ್ರವರಿಯ ಒಂದು ಬೆಳಿಗ್ಗೆ ಹಡಗು ಬಂತು. ಇಡೀ ಊರು ಧಕ್ಕೆಯಲ್ಲಿತ್ತು. ಹಾಡುವವರು ಹಾಡಿದರು, ಅಳುವವರು ಅತ್ತರು. ನಾನು ಅಜ್ಜಿಯ ಹದಿನಾರು ಚಾಪೆ, ಎರಡು ಬುಟ್ಟಿ ಬೇಯಿಸಿದ ಗೆಣಸು, ದಿಮ್ಮಿ, ಎಲ್ಲವನ್ನೂ ಒಂದೇ ಸಲ ಹೊತ್ತು ಹಡಗಿಗೇರಿಸಿದೆ. ಕೆಳಗಿಳಿದು, ಹಡಗಿನ ಮೇಲೆ ಫುಸಿ ನಿಂತ ತುದಿಯಿಂದ ದೂರದ ಇನ್ನೊಂದು ತುದಿಯಲ್ಲಿ ಹಗ್ಗ ಬಿಚ್ಚುವವರ ಜೊತೆ ನಿಂತುಕೊಂಡೆ. ಕಡಲು ಅಲುಗಾಡದೆ, ಯಾರೋ ಆಗಷ್ಟೇ ಒರೆಸಿಟ್ಟ ಹಾಗೆ ಇತ್ತು.

ಫುಸಿ ಕಟಾಂಜನದ ಉದ್ದಕ್ಕೂ ನಡೆದು ಬಂದಳು. ನನ್ನ ತಲೆಯ ಮೇಲಕ್ಕೆ ಬಂದು ನಿಂತಳು. ಅಜ್ಜಿ ಪಕ್ಕದಲ್ಲೇ ಇದ್ದಳು. ಅವಳಿಗೆ ಇದ್ದಕ್ಕಿದ್ದಂತೆ ಚಾಪೆಯ ಗಂಟಿನಲ್ಲಿ ಭಾರಿ ಕೆಲಸ ಬಂತು.

"ಪೆನಿ," ಎಂದಳು ಫುಸಿ. ಅವಳ ದನಿ ನಾನು ನೆನಪಿಟ್ಟುಕೊಂಡದ್ದಕ್ಕಿಂತ ದಪ್ಪವಾಗಿತ್ತು. "ಈ ವರ್ಷ ಪಾಸಾಗು. ನೀನು ಬರದಿದ್ರೆ ಅಜ್ಜಿನ ಯಾರು ವಾಪಸ್ ಕರ್ಕೊಂಡು ಬರ್ತಾರೆ?"

ಹೇಳಲು ನನ್ನ ಬಳಿ ಸಾವಿರ ಮಾತಿದ್ದವು. ಒಂದೊಂದೂ ಹಡಗಿಗಿಂತ ದೊಡ್ಡದು.

"ಆಗ್ತೀನಿ," ಎಂದೆ.

ಅವಳು ತಲೆಯಾಡಿಸಿ ತನ್ನ ತುದಿಗೆ ಹೋದಳು. ಹಗ್ಗ ಬಿಚ್ಚಿದರು. ಹಡಗಿಗೂ ಧಕ್ಕೆಗೂ ನಡುವೆ ಒಂದು ಗೇಣು ನೀರು ಕಂಡಿತು, ಆಮೇಲೆ ಒಂದು ಮಾರು. ಹಡಗಿನ ಹಿಂದೆ ನೀರಿನಲ್ಲಿ ಎರಡು ಗೆರೆ ಬಿಚ್ಚಿಕೊಳ್ಳುತ್ತಾ ಹೋದವು. ಎಡದ್ದು ದಡಕ್ಕೆ ಬಂದು ನನ್ನ ಕಾಲು ತೋಯಿಸಿತು. ನಾನು ಅಲ್ಲೇ ನಿಂತು ಅದರ ಇಳಿಜಾರನ್ನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ.